ಅಕ್ಕನ ಕೈಯ ಲೆಕ್ಕ

ಗೋಡೆಯ ಮೇಲಿನ ಪರದೆಯಲ್ಲಿ ಮಾಸ್ಟರ್‌ನ ಬಲಗೈ ಎಲ್ಲರಿಗಿಂತ ಕೆಳಗಿತ್ತು. ನೂರ ಹನ್ನೆರಡು. ಬಸ್ ಡ್ರೈವರ್‌ನದು ಒಂಬೈನೂರ ಚಿಲ್ಲರೆ. ಮಾತೇ ಸರಿಯಾಗಿ ಹೊರಡದ ಒಬ್ಬ ಮುದುಕಿಯದು ಕೂಡ ಆರುನೂರು ದಾಟಿತ್ತು.

ಪಾರ್ಶ್ವವಾಯು ಹೊಡೆದು ಒಂದು ಕೈ ಬಿದ್ದುಹೋದ ಏಳೆಂಟು ಜನ ಪ್ರತಿ ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಆ ಹಾಲಿನಲ್ಲಿ ಸೇರುತ್ತಿದ್ದರು. ಎಲ್ಲರ ಬಿದ್ದ ಕೈಯ ಮಣಿಕಟ್ಟಿಗೂ ಒಂದೊಂದು ಕಪ್ಪು ರಬ್ಬರ್ ಬ್ಯಾಂಡು. ನೋಡಲು ಮುಳ್ಳಿಲ್ಲದ ಗಡಿಯಾರದ ಹಾಗೆ. ಚರ್ಮಕ್ಕೆ ತಾಗುವ ಕಡೆ ಹಸಿರು ಬೆಳಕೊಂದು ಮಿಣುಕುತ್ತಿತ್ತು, ಅದು ನಾಡಿ ನೋಡುತ್ತದಂತೆ. ಒಳಗೆ ಇನ್ನೊಂದು ಸೆನ್ಸರ್ ಇದೆಯಂತೆ, ಕೈ ಎತ್ತಿದ್ದು, ಚಾಚಿದ್ದು, ತಿರುಗಿಸಿದ್ದು ಎಲ್ಲವನ್ನೂ ಎಣಿಸುತ್ತದಂತೆ. ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ, ಸಾಬೂನಿನ ಗಾತ್ರದ ಪೆಟ್ಟಿಗೆಯೊಂದು ಆ ಲೆಕ್ಕವನ್ನು ದಿನಾ ಫಿಸಿಯೋ ಮೇಡಂಗೆ ಕಳಿಸಿಬಿಡುತ್ತಿತ್ತು. ವಾರಕ್ಕೊಮ್ಮೆ ಮೇಡಂ ಅದರ ದಿನದ ಸರಾಸರಿಯನ್ನು ಪರದೆಗೆ ಹಾಕಿ ಎಲ್ಲರಿಗೂ ತೋರಿಸುತ್ತಿದ್ದರು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹುರುಪು ಬರಲಿ ಎಂದು.

"ಇದು ಮೊದಲನೇ ವಾರ, ಯಾರೂ ಬೇಜಾರು ಮಾಡ್ಕೋಬೇಡಿ," ಎಂದರು ಮೇಡಂ. ಮಾಸ್ಟರ್‌ಗೆ ಮಗಳಾಗುವ ವಯಸ್ಸು ಅವರದು. "ಆದ್ರೆ ಒಂದು ಮಾತು. ಮೊದಲ ಆರು ತಿಂಗಳು ಬಂಗಾರದಂಥ ಕಾಲ. ಕೈ ಮರೆತಿರೋದನ್ನ ಈಗ ನೆನಪು ಮಾಡ್ಬೇಕು. ಆಮೇಲೆ ಎಷ್ಟು ಬೇಡ್ಕೊಂಡ್ರೂ ಅದು ಅಷ್ಟು ಸುಲಭಕ್ಕೆ ಕೇಳಲ್ಲ."

ಪಕ್ಕದಲ್ಲಿದ್ದ ಡ್ರೈವರ್ ಬಗ್ಗಿ ಕೇಳಿದ, "ಏನ್ ಮಾಸ್ಟರ್, ನಿಮ್ಮ ಕೈ ರಜಾ ಹಾಕಿದೆಯಾ?"

ಹಾಲಿಗೆ ಹಾಲೇ ನಕ್ಕಿತು. ಮುದುಕಿ ಕೂಡ ಬಾಯಿಯ ಒಂದು ಪಕ್ಕದಲ್ಲಿ ನಕ್ಕಳು. ಡ್ರೈವರ್ ಕೆಟ್ಟ ಮನುಷ್ಯನಲ್ಲ. ತನ್ನ ಕೈಯನ್ನೂ ಹಾಗೇ ಹಂಗಿಸಿಕೊಳ್ಳುತ್ತಿದ್ದ. ಮಾಸ್ಟರ್ ತಾನೂ ನಕ್ಕಂತೆ ಮಾಡಿದ.

ಅವನು ನಲವತ್ತೊಂದು ವರ್ಷ ಕತ್ತರಿ ಹಿಡಿದವನು. ಅಂಗಡಿಗೆ ಬಂದವರ ಭುಜವನ್ನು ಕಣ್ಣಲ್ಲೇ ಅಳೆದು, ಟೇಪು ಹಿಡಿಯುವುದು ಬರೀ ಅವರ ಸಮಾಧಾನಕ್ಕೆ ಎನ್ನುವಂತೆ ಇದ್ದವನು. ಎಂಟು ಅಂಗಿಯ ಬಟ್ಟೆ ಒಂದರ ಮೇಲೊಂದು ಹಾಸಿ ಒಂದೇ ಏಟಿಗೆ ಕತ್ತರಿಸಿದರೆ, ಮೇಲಿನದಕ್ಕೂ ಅಡಿಯದಕ್ಕೂ ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲ. ಊರಿಗೆಲ್ಲ ಮಾಸ್ಟರ್ ಆಗಿದ್ದು ಸುಮ್ಮನೆ ಅಲ್ಲ. ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ ಕಟಿಂಗ್ ಮೇಜಿನ ಮುಂದೆ ನಿಂತಿದ್ದಾಗ, ಕತ್ತರಿ ಅದರಷ್ಟಕ್ಕೆ ಅದೇ ಕೈಯಿಂದ ಜಾರಿ ಬಟ್ಟೆಯ ಮೇಲೆ ಮಲಗಿಕೊಂಡಿತು. ಎತ್ತಿಕೊಳ್ಳೋಣ ಎಂದರೆ ಕೈ ತನ್ನದಲ್ಲ ಎನ್ನುವ ಹಾಗೆ ತೂಗಾಡಿತು. ಅಂದಿನಿಂದ ಮೆಷಿನ್ ತುಳಿಯುತ್ತಿದ್ದ ಕೆಲಸಗಾರನೇ ಕತ್ತರಿ ಕೆಲಸವನ್ನೂ ಮಾಡುತ್ತಿದ್ದ. ಅರ್ಧ ಬೆರಳು ಆಚೆ, ಅರ್ಧ ಬೆರಳು ಈಚೆ. ಮಾಸ್ಟರ್ ಅದನ್ನು ನೋಡಲಾರದೆ ಒಳಗೆ ಎದ್ದುಹೋಗುತ್ತಿದ್ದ.

ಈಗ ಆ ಕೈಗೆ ನೂರ ಹನ್ನೆರಡು. ಅದೂ ಎಲ್ಲರೆದುರಿಗೆ.

ಮನೆ ಅಂಗಡಿಯ ಹಿಂದೆಯೇ. ಅವನು ಬಂದಾಗ ಅಕ್ಕ ಎಂದಿನಂತೆ ಕಿಟಕಿಯ ಪಕ್ಕ ಕೂತು ಕಾಜ ಹೊಲಿಯುತ್ತಿದ್ದಳು, ಎಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆಯುವ ಕೆಲಸ. ಅವನಿಗಿಂತ ಏಳು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು ಮೂವತ್ತು ವರ್ಷದಿಂದ ಆ ಕಿಟಕಿ ಬಿಟ್ಟು ಏಳಲಿಲ್ಲ ಎಂದರೂ ನಡೆದೀತು. ಅಂಗಡಿಯಿಂದ ಹೊರಬಿದ್ದ ಒಂದೊಂದು ಅಂಗಿಯ ಕಾಜವೂ ಅವಳ ಕೈಯದೇ. ಆದರೆ ಅವಳನ್ನು ಯಾರೂ ಮಾಸ್ಟರ್ ಎಂದದ್ದಿಲ್ಲ. ಅವಳ ಕೈ ಚುಚ್ಚುತ್ತಿತ್ತು, ಎಳೆಯುತ್ತಿತ್ತು, ಬಿಗಿಯುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ.

ಮಾಸ್ಟರ್ ಬಾಗಿಲಲ್ಲೇ ನಿಂತು ಆ ಕೈಯನ್ನು ನೋಡಿದ. ನೋಡುನೋಡುತ್ತಲೇ ಎಡಗೈಯಿಂದ ಬ್ಯಾಂಡು ಬಿಚ್ಚಿದ.

"ಅಕ್ಕ, ಇದನ್ನ ಸ್ವಲ್ಪ ಹೊತ್ತು ಕಟ್ಕೋ."

"ಅಯ್ಯೋ, ನಂಗ್ಯಾಕೋ ಪುಟ್ಟ? ನಿನ್ನ ಔಷಧಿ ಅದು." ಅರವತ್ತೊಂದು ತುಂಬಿದರೂ ಅವಳಿಗೆ ಅವನು ಪುಟ್ಟನೇ.

"ಔಷಧಿ ಅಲ್ಲ. ಕಟ್ಕೋ ಅಂದ್ರೆ ಕಟ್ಕೋ."

"ಕಟ್ಕೊಂಡು?"

ಅವನು ತಡವರಿಸುತ್ತಿದ್ದಾಗ ಅಕ್ಕ ತಾನೇ ಯೋಚಿಸಿ ಕೇಳಿದಳು, "ನನ್ನ ಕೈ ನೋಡಿ ಕಲೀಬೇಕಾ ಅದು?"

"ಹೂಂ," ಎಂದ.

"ಕಲಿತು ನಿನ್ನ ಕೈಗೆ ಹೇಳಿಕೊಡುತ್ತಾ?"

"ಹೂಂ."

ಅಕ್ಕ ಸೂಜಿಯನ್ನು ಸೀರೆಯ ಸೆರಗಿಗೆ ಚುಚ್ಚಿ ಇಟ್ಟಳು. ಎದ್ದುಹೋಗಿ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಂಡು ಬಂದು, ಮಗು ಬಳೆಗೆ ಕೈ ಕೊಡುವ ಹಾಗೆ ಮುಂದೆ ಚಾಚಿದಳು. ಅವಳು ಅದನ್ನು ನಂಬಿದ್ದಕ್ಕೆ ಕಾರಣ ಅವಳ ದಡ್ಡತನ ಅಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವನಿಗೆ ಏಳು ವರ್ಷ ಇದ್ದಾಗಿನ ಮಾತು. ಅಪ್ಪನೂ ಇದೇ ಕೆಲಸದವನು. ಮಗನಿಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದು ಬೆರಳ ಗಂಟಿಗೆ ಮರದ ಸ್ಕೇಲಿನಿಂದ ಹೊಡೆದಿದ್ದ. ಅಪ್ಪ ಆಚೆ ಹೋದ ಮೇಲೆ ಅಕ್ಕ ಅವನನ್ನು ತನ್ನ ಮುಂದೆ ಕೂರಿಸಿಕೊಂಡು, ಅವನ ಕೈಯ ಮೇಲೆ ತನ್ನ ಕೈ ಇಟ್ಟು, "ನಿನ್ನ ಕೈ ಸುಮ್ನೆ ಬಿಡು. ನನ್ನ ಕೈ ಹೋದ ಕಡೆ ಬರಲಿ," ಎಂದಿದ್ದಳು. ಹಾಗೆ ಹದಿನೈದು ದಿನ. ಹದಿನಾರನೇ ದಿನ ಅವನ ಕೈ ತಾನೇ ಹೋಯಿತು. ಕೈಯಿಂದ ಕೈಗೆ ಕೆಲಸ ಹೋಗುವುದನ್ನು ಅವಳು ಕಣ್ಣಾರೆ ಕಂಡವಳು. ಮಧ್ಯದಲ್ಲಿ ಒಂದು ರಬ್ಬರ್ ಬ್ಯಾಂಡು ಇದ್ದರೆ ಏನಂತೆ?

ಅವನು ಮಹಾ ಜಾಣತನದಿಂದ ನಡೆದುಕೊಂಡ. ಮೊದಲ ವಾರ ದಿನಕ್ಕೆ ಒಂದೇ ಗಂಟೆ ಅಕ್ಕನ ಕೈಗೆ, ಉಳಿದ ಹೊತ್ತು ತನ್ನ ಕೈಗೆ. ಆಮೇಲೆ ಎರಡು ಗಂಟೆ. ಆಮೇಲೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ. ಅಂಗಿಯ ಪಕ್ಕವನ್ನು ಗೊತ್ತಾಗದ ಹಾಗೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸುವುದು ಬಲ್ಲವನು ತಾನೇ? ಪರದೆಯ ಮೇಲೆ ಅವನ ಸಾಲು ಇನ್ನೂರೈವತ್ತಾಯಿತು, ಏಳುನೂರಾಯಿತು, ನಾಲ್ಕನೇ ವಾರಕ್ಕೆ ಸಾವಿರದ ಒಂಬೈನೂರು. ಮೇಡಂ ಚಪ್ಪಾಳೆ ತಟ್ಟಿಸಿದರು. ಒಂದೊಂದೇ ಕೈ ಇದ್ದವರು ತೊಡೆಗೆ ತಟ್ಟಿಕೊಂಡರು.

"ನೋಡಿ ಮಾಸ್ಟರ್‌ನ," ಎಂದರು ಮೇಡಂ. "ಎಲ್ಲರಿಗಿಂತ ಕೆಳಗಿದ್ರು. ಮನಸ್ಸು ಮಾಡಿದ್ರೆ ಏನಾಗಲ್ಲ?"

ಮಾಸ್ಟರ್ ನೆಲ ನೋಡಿದ. ನಾಚಿಕೆ ಸ್ವಭಾವದವರು ಎಂದುಕೊಂಡರು ಎಲ್ಲರೂ.

"ಗುಟ್ಟು ಹೇಳಿ ಮಾಸ್ಟರ್," ಎಂದ ಡ್ರೈವರ್. ಈ ಸಲ ತಮಾಷೆ ಇರಲಿಲ್ಲ. "ನಾನು ಎಷ್ಟು ಒದ್ದಾಡಿದ್ರೂ ಸಾವಿರ ದಾಟ್ತಿಲ್ಲ. ದಿನಾ ಎಷ್ಟು ಹೊತ್ತು ಮಾಡ್ತೀರಿ?"

"ಮಾಡ್ತಾ ಇರೋದು. ಅಷ್ಟೇ."

"ಬಿಡ್ದೇ ಮಾಡ್ತೀರಾ?"

"ಬಿಡ್ದೇ."

ನಿಜ ಹೇಳಬೇಕೆಂದರೆ ಮಾಸ್ಟರ್ ಮನೆಯಲ್ಲಿ ಕೈ ಆಡಿಸುವುದನ್ನೇ ಬಿಟ್ಟಿದ್ದ. ಮೇಡಂ ಹೇಳಿಕೊಟ್ಟಿದ್ದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದು ಡಬ್ಬದಿಂದ ತೆಗೆದು ಇನ್ನೊಂದಕ್ಕೆ ಹಾಕುವುದು. ಎರಡು ಕ್ಲಿಪ್ಪು ಹಾಕುವಷ್ಟರಲ್ಲಿ ಮೂರನೆಯದು ಕೆಳಗೆ ಬೀಳುತ್ತಿತ್ತು. ಕತ್ತರಿ ಆಡಿಸಿದ ಕೈ ಪ್ಲಾಸ್ಟಿಕ್ ಕ್ಲಿಪ್ಪಿಗೆ ಸೋಲುವುದನ್ನು ಕೂತು ನೋಡುವ ಕರ್ಮ ಯಾರಿಗೆ ಬೇಕು ಎಂದು ಡಬ್ಬವನ್ನು ಮಂಚದ ಕೆಳಗೆ ತಳ್ಳಿದ್ದ. ಲೆಕ್ಕವಂತೂ ಏರುತ್ತಲೇ ಇತ್ತಲ್ಲ. ಒಂದೊಂದು ಸಲ, ಪರದೆಯನ್ನು ನೋಡುತ್ತ, ತನ್ನ ಕೈಯೇ ಸುಧಾರಿಸುತ್ತಿದೆ ಎಂದು ಅವನಿಗೂ ಅನ್ನಿಸಿಬಿಡುತ್ತಿತ್ತು.

ಐದನೇ ವಾರ, ಒಂದು ಮಧ್ಯಾಹ್ನ, ನೀರು ಕುಡಿಯಲು ಒಳಗೆ ಹೋದವನಿಗೆ ಅಕ್ಕ ಯಾರೊಡನೆಯೋ ಮಾತಾಡುವುದು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದ. ಕೋಣೆಯಲ್ಲಿ ಅವಳೊಬ್ಬಳೇ.

"ಇದು ಮೂಲೆ," ಎನ್ನುತ್ತಿದ್ದಳು, ಮಣಿಕಟ್ಟಿನ ಬ್ಯಾಂಡಿಗೆ. "ಮೂಲೇಲಿ ಅವಸರ ಮಾಡ್ಬಾರ್ದು. ಐದು ಸಲ ಹಾಕ್ಬೇಕು, ಬೀಸಣಿಗೆ ಬಿಚ್ಚಿದ ಹಾಗೆ. ನೋಡ್ಕೊಂಡ್ಯಾ? ಅವ್ನು ಚಿಕ್ಕಂದಿನಿಂದಲೂ ಮೂಲೇಲಿ ಬಿಗಿಯಾಗಿ ಎಳೀತಾನೆ. ಹಂಗೆ ಎಳೀಬೇಡ ಅಂತ ಹೇಳು ಅವ್ನಿಗೆ."

ಆಮೇಲೆ ಸೂಜಿ ಬದಿಗಿಟ್ಟು, ಪಕ್ಕದಲ್ಲಿದ್ದ ಬಿಸಿನೀರಿನ ಬೋಗುಣಿಗೆ ಬೆರಳು ಅದ್ದಿದಳು. ಬ್ಯಾಂಡಿಗೆ ನೀರು ತಾಗದ ಹಾಗೆ ಮಣಿಕಟ್ಟನ್ನು ಮೇಲೆತ್ತಿಕೊಂಡು. ಗಂಟುಗಳು ಊದಿದ್ದವು. ತೋರುಬೆರಳು ತುದಿಯಲ್ಲಿ ಆಚೆ ವಾಲಿತ್ತು. ಮೂವತ್ತು ವರ್ಷದಿಂದ ಅದೇ ಮನೆಯಲ್ಲಿದ್ದೂ ಅವನು ಆ ಬೆರಳನ್ನು ಸರಿಯಾಗಿ ನೋಡಿರಲಿಲ್ಲ. ಅವಳು ಈಗೀಗ ಮೊದಲಿಗಿಂತ ಹೆಚ್ಚು ಅಂಗಿ ಒಳಗೆ ತರಿಸಿಕೊಳ್ಳುತ್ತಿದ್ದಾಳೆ ಎಂದು ಮೆಷಿನ್‌ನವನು ಹೇಳಿದ್ದು ಆಗ ನೆನಪಾಯಿತು.

ಒಳಗೆ ಹೋಗಿ ಎಲ್ಲ ಹೇಳಿಬಿಡಬೇಕೆಂದು ಬಾಗಿಲಿಗೆ ಕೈ ಹಾಕಿದ. ನೀರನ್ನೂ ಕುಡಿಯದೆ ವಾಪಸು ಬಂದ.

ಅಂದು ಮೊದಲ್ಗೊಂಡು ಬ್ಯಾಂಡನ್ನು ಅವಳಿಗೆ ಕೊಡುವುದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಲೆಕ್ಕ ದಪ್ಪೆಂದು ಬೀಳುತ್ತದೆ, ಮೇಡಂ ಕೇಳುತ್ತಾರೆ, ಅಕ್ಕನೂ ಕೇಳುತ್ತಾಳೆ. ಸುಳ್ಳನ್ನು ಬಿಡುವುದಕ್ಕೂ ಇನ್ನೊಂದು ಸುಳ್ಳು ಬೇಕು. ಅವನು ಕೊಡುತ್ತಲೇ ಹೋದ.

ಆರು ವಾರ ಕಳೆದ ಮೇಲೆ ಒಂದು ಪರೀಕ್ಷೆ ಇತ್ತು. ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಕೋಣೆಗೆ ಕರೆದು ಮೇಡಂ ಖುದ್ದಾಗಿ ಕೈ ನೋಡುವುದು. ಅದು ಹೇಗೋ ಅಕ್ಕನ ಕಿವಿಗೆ ಬಿತ್ತು.

"ನಾನೂ ಬರ್ತೀನಿ," ಎಂದಳು.

"ನೀನ್ಯಾಕೆ? ಬಸ್ಸು ರಶ್ಶು. ನಿಂತ್ಕೊಂಡು ಹೋಗ್ಬೇಕು."

"ನಿಂತ್ಕೋತೀನಿ. ಹೇಳಿಕೊಟ್ಟವಳು ಪರೀಕ್ಷೆ ದಿನ ಬರ್ಬಾರ್ದಾ?"

ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ದಾರಿಯುದ್ದಕ್ಕೂ ಮಾಸ್ಟರ್ ಬಸ್ಸು ಕೆಡಲಿ, ಮೇಡಂಗೆ ಜ್ವರ ಬರಲಿ, ಏನಾದರೂ ಆಗಲಿ ಎಂದುಕೊಂಡ. ಏನೂ ಆಗಲಿಲ್ಲ. ಬಸ್ಸು ಎಂದಿಗಿಂತ ಬೇಗ ಹೋಯಿತು.

ಒಳಕೋಣೆಯಲ್ಲಿ ಮೇಜಿನ ಮೇಲೆ ಎರಡು ಮರದ ಪೆಟ್ಟಿಗೆ, ನಡುವೆ ಅಡ್ಡಹಲಗೆ. ಒಂದು ಕಡೆಯಿಂದ ಪುಟ್ಟ ಮರದ ತುಂಡುಗಳನ್ನು ಎತ್ತಿ ಇನ್ನೊಂದು ಕಡೆಗೆ ಹಾಕಬೇಕು, ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು. ಆರು ವಾರದ ಕೆಳಗೆ ಅವನು ನಾಲ್ಕು ಹಾಕಿದ್ದ. ಇವತ್ತು ಮೇಡಂ ಗಡಿಯಾರ ಒತ್ತಿದರು. ಒಂದು. ಎರಡು. ಮೂರನೆಯದನ್ನು ಹಲಗೆಯವರೆಗೆ ತಂದು ಬೀಳಿಸಿದ. ಮತ್ತೆ ಎತ್ತಿ ಆಚೆ ಹಾಕಿದ. ನಿಮಿಷ ಮುಗಿಯಿತು. ಮೂರು.

"ಹೆದರಿದ್ದೀರಿ," ಎಂದರು ಮೇಡಂ. "ಪರೀಕ್ಷೆ ಅಂದ್ರೆ ಎಲ್ರೂ ಹಂಗೇ. ಬಿಡಿ ಅದನ್ನ. ನಿಮಗೆ ಅಂತ ಬೇರೆ ಒಂದು ತಂದಿದ್ದೀನಿ."

ಮೇಜಿನ ಖಾನೆಯಿಂದ ಒಂದು ದೊಡ್ಡ ಕತ್ತರಿ, ಒಂದು ಮೊಳ ಬಿಳಿ ಬಟ್ಟೆ ತೆಗೆದು ಮುಂದಿಟ್ಟರು. ಅವರ ಮುಖದಲ್ಲಿ ಮಕ್ಕಳಿಗೆ ಉಡುಗೊರೆ ತಂದವರ ಸಂಭ್ರಮ. ಅಕ್ಕ ಕುರ್ಚಿಯ ತುದಿಗೆ ಬಂದು ಕೂತಳು.

ಮಾಸ್ಟರ್ ಕತ್ತರಿಯ ಕಣ್ಣಿನೊಳಗೆ ಹೆಬ್ಬೆರಳನ್ನು ಎಡಗೈಯಿಂದ ತೂರಿಸಿದ. ಎತ್ತಿದ. ಕತ್ತರಿ ಒಮ್ಮೆ ಬಾಯಿ ತೆರೆಯಿತು, ಮುಚ್ಚಲಿಲ್ಲ. ಮಣಿಕಟ್ಟು ಒಳಕ್ಕೆ ಮಡಚಿಕೊಂಡು ಕತ್ತರಿ ಮೇಜಿಗೆ ಬಡಿದು ನೆಲಕ್ಕೆ ಬಿತ್ತು. ಆ ಸದ್ದಿಗೆ ಹಾಲಿನಲ್ಲಿದ್ದವರ ಮಾತು ನಿಂತಿತು.

ಮೇಡಂ ಬಗ್ಗಿ ಕತ್ತರಿ ಎತ್ತಿಟ್ಟರು. ತಮ್ಮ ಟ್ಯಾಬ್ಲೆಟ್ಟನ್ನು ಹತ್ತಿರಕ್ಕೆಳೆದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಅವನ ಕಡೆ ತಿರುಗಿಸಿದರು. ಅದರ ತುಂಬ ಏರಿಳಿಯುವ ಗೆರೆಗಳು.

"ಮಾಸ್ಟರ್, ಇದು ಮೊನ್ನೆ ಬೆಳಿಗ್ಗೆ ಹತ್ತರಿಂದ ಹನ್ನೆರಡು. ನೋಡಿ, ಚುಚ್ಚಿದ್ದು, ಎಳೆದದ್ದು, ಬಿಗಿದದ್ದು. ಚುಚ್ಚಿದ್ದು, ಎಳೆದದ್ದು, ಬಿಗಿದದ್ದು. ಒಂದೇ ಸಮ. ಇದು ಹೊಲಿಯೋ ಕೈ. ನಾನು ಇದನ್ನ ನೋಡಿಯೇ ಖುಷಿಪಟ್ಟಿದ್ದು, ಮಾಸ್ಟರ್ ಸೂಜಿ ಹಿಡಿದ್ರು ಅಂತ." ದನಿ ತಗ್ಗಿಸಿದರು. "ನಾಡಿ ನಾನು ನೋಡೇ ಇರ್ಲಿಲ್ಲ, ತಪ್ಪು ನಂದೂ ಇದೆ. ಬೆಳಿಗ್ಗೆ ಒಂದು ಥರ ಇದೆ, ಸಂಜೆ ಇನ್ನೊಂದು ಥರ. ಇದು ಯಾರ ಕೈ?"

ಬಾಯಿ ತೆರೆದ. ಅಷ್ಟರಲ್ಲಿ ಅಕ್ಕನೇ ಹೇಳಿದಳು.

"ಅದು ನನ್ನ ಕೈ, ಮೇಡಂ. ಆರು ವಾರದಿಂದ ನಾನೇ ಅದಕ್ಕೆ ಹೇಳಿಕೊಡ್ತಿದ್ದೆ. ಯಾಕೆ, ಅದು ಕಲೀಲಿಲ್ವಾ?"

ಮೇಡಂಗೆ ಅರ್ಥವಾಗಲಿಲ್ಲ. "ಏನು ಕಲೀಬೇಕಿತ್ತು ಅಮ್ಮ?"

"ಕೆಲಸ. ಕಲಿತು ಇವ್ನ ಕೈಗೆ ಹೇಳ್ಬೇಕಿತ್ತಲ್ಲ." ಅಕ್ಕ ತನ್ನ ಬಲಗೈಯನ್ನು ಮಡಿಲಲ್ಲಿ ಎಡಗೈಯಿಂದ ಮುಚ್ಚಿಕೊಂಡಳು. "ನಾನು ಸರಿಯಾಗಿ ಹೇಳಿಕೊಡಲಿಲ್ವೇನೋ. ಗಟ್ಟಿಯಾಗಿ ಹೇಳಿದೆ, ನಿಧಾನಕ್ಕೂ ಹೇಳಿದೆ. ಓದಿದವಳಲ್ಲ ನೋಡಿ, ಅದಕ್ಕೆ ನನ್ನ ಮಾತು ತಿಳೀಲಿಲ್ವೋ ಏನೋ."

ಮೇಡಂ ಈಗ ಮಾಸ್ಟರ್‌ನ ಕಡೆ ನೋಡಿದರು. ಸಿಟ್ಟಿನ ನೋಟ ಅಲ್ಲ ಅದು, ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಹೇಳಬೇಕಾದವರು ನೀವು, ನಾನಲ್ಲ ಎನ್ನುವಂತೆ ಕಾದರು. ಮಾಸ್ಟರ್ ಮೇಜಿನ ಅಂಚನ್ನೇ ನೋಡುತ್ತ ಕೂತ. ಭೂಮಿ ಬಾಯಿ ಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಹೋಗುತ್ತಿದ್ದ. ಅಕ್ಕನ ಮೇಲೆ ಬಂದ ತಪ್ಪನ್ನು ಎತ್ತಿ ತನ್ನ ಮೇಲೆ ಹಾಕಿಕೊಳ್ಳಲು ಒಂದೇ ಒಂದು ಮಾತು ಸಾಕಿತ್ತು, ಅದನ್ನೂ ಆಡಲಿಲ್ಲ.

"ಮುಂದಿನ ಬುಧವಾರ ಬನ್ನಿ," ಎಂದರು ಮೇಡಂ ಕೊನೆಗೆ. "ಆ ಆರು ತಿಂಗಳಲ್ಲಿ ಇನ್ನೂ ಎರಡೂವರೆ ಇದೆ. ತುಂಬ ಇಲ್ಲ. ಆದ್ರೆ ಇದೆ."

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಎದುರಿನ ಅಂಗಡಿಯವನು ಮೆಟ್ಟಿಲಿಗೆ ನೀರು ಚಿಮುಕಿಸಿ ಗುಡಿಸುತ್ತಿದ್ದ. ಎರಡು ಬಸ್ಸು ಬಂದು ಹೋದವು, ಅವರದಲ್ಲ.

"ಬೆರಳು ವಾಲಿದೆ ನಂದು," ಎಂದಳು ಅಕ್ಕ, ಕೈ ಮುಂದೆ ಹಿಡಿದು ನೋಡಿಕೊಳ್ಳುತ್ತ. "ಅದಕ್ಕೇ ಇರ್ಬೇಕು. ಸೊಟ್ಟ ಬೆರಳು ನೋಡಿ ಅದೂ ಸೊಟ್ಟನೇ ಕಲ್ತಿರುತ್ತೆ. ನಿಂಗೆ ನಾಲ್ಕಿದ್ದದ್ದು ಮೂರಾಗಿದ್ದು ನನ್ನಿಂದ್ಲೇ, ಪುಟ್ಟ."

ಇನ್ನು ತಡೆಯಲು ಅವನಿಂದ ಆಗಲಿಲ್ಲ.

"ಅದು ಕಲಿಯಲ್ಲ ಅಕ್ಕ."

"ಹಾಂ?"

"ಅದು ಕಲಿಯೋ ಯಂತ್ರ ಅಲ್ಲ. ಬರೀ ಎಣಿಸುತ್ತೆ. ನನ್ನ ಕೈ ಎಷ್ಟು ಆಡಿತು ಅಂತ ಎಣಿಸೋಕೆ ಕೊಟ್ಟಿದ್ದು. ನಂದು ಕಮ್ಮಿ ಬಂತು. ಎಲ್ರೂ ನಕ್ಕರು. ಅದಕ್ಕೆ ನಿನ್ನ ಕೈಗೆ ಕಟ್ಟಿದೆ. ನಿನ್ನ ಲೆಕ್ಕನ ನಂದು ಅಂತ ತೋರಿಸಿದೆ."

ಅಕ್ಕ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು. ಎದುರಿನ ಮೆಟ್ಟಿಲು ಒಣಗುತ್ತ ಬಂದಿತ್ತು.

"ಹಂಗಾದ್ರೆ," ಎಂದಳು, "ಮೂಲೆ ಹೆಂಗೆ ತಿರುಗಿಸ್ಬೇಕು ಅಂತ ನಾನು ಹೇಳ್ತಿದ್ದದ್ದು ಯಾರಿಗೆ?"

ಅವನು ಬಸ್ಸು ಬರುವ ಕಡೆ ನೋಡಿದ.

"ನೀನು ಕೇಳಿಸ್ಕೊಂಡಿದ್ಯಾ?"

"ಒಂದಿನ."

"ನಗು ಬಂತಾ?"

"ಇಲ್ಲ ಅಕ್ಕ. ದೇವರಾಣೆಗೂ ಇಲ್ಲ."

"ಬಂದಿದ್ರೆ ವಾಸಿ ಇತ್ತು," ಎಂದಳು ಅಕ್ಕ. "ನಕ್ಕಿದ್ರೆ ನಾನು ಯಾಕೆ ಅಂತ ಕೇಳ್ತಿದ್ದೆ. ನೀನು ಕೇಳಿಸ್ಕೊಂಡು, ಮಾರನೇ ದಿನ ಮತ್ತೆ ತಂದು ಕಟ್ಟಿದೆ." ಮುಖ ಆಚೆ ತಿರುಗಿಸಿದಳು. ಇಸ್ತ್ರಿ ಸೀರೆಯ ಸೆರಗನ್ನು ಬಲಗೈಯ ಮೇಲೆ ಎಳೆದುಕೊಂಡಳು, ಯಾರೋ ನೋಡಬಾರದ್ದನ್ನು ನೋಡಿಬಿಟ್ಟಿದ್ದಾರೆ ಎನ್ನುವ ಹಾಗೆ. ತಪ್ಪು ಮಾಡಿದವನು ಅವನು, ನಾಚಿಕೆಯಿಂದ ಕುಗ್ಗಿದವಳು ಅವಳು. ಅದನ್ನು ನೋಡುತ್ತ ಕೂರುವುದಕ್ಕಿಂತ ಹಾಲಿನ ನಗುವೇ ಎಷ್ಟೋ ಹಗುರವಾಗಿತ್ತು.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿದ ಮೇಲೆ ಮುಂದೆ ಮುಂದೆ ನಡೆದಳು.

ಆ ವಾರವೆಲ್ಲ ಅವನಿಗೆ ತಟ್ಟೆ ಇಟ್ಟಳು, ನೀರಿಟ್ಟಳು, ಅಂಗಿಯ ಗುಂಡಿ ಹಾಕಿಕೊಟ್ಟಳು. "ಪುಟ್ಟ" ಎಂದು ಮಾತ್ರ ಕರೆಯಲಿಲ್ಲ. ಅವಳು ಕಾಜ ಹೊಲಿಯುವುದು ಕಾಣುತ್ತಿತ್ತು, ಆದರೆ ಈಗ ಕೋಣೆ ಮೌನ. ಮಾಸ್ಟರ್ ಮಂಚದ ಕೆಳಗಿನಿಂದ ಕ್ಲಿಪ್ಪಿನ ಡಬ್ಬ ಎಳೆದುಕೊಂಡು ಅಂಗಡಿಯ ಹಿಂಬದಿಯಲ್ಲಿ ಕೂತ. ಬಿದ್ದ ಕ್ಲಿಪ್ಪುಗಳನ್ನು ಎಡಗೈಯಿಂದ ಎತ್ತಬಹುದಿತ್ತು. ಬಲಗೈಯಿಂದಲೇ ಎತ್ತಿದ. ಒಂದಕ್ಕೆ ಹತ್ತು ನಿಮಿಷ ಹಿಡಿದದ್ದೂ ಉಂಟು.

ಬುಧವಾರ ಹಾಲಿನಲ್ಲಿ ಪರದೆ ಬೆಳಗಿತು. ಅವನ ಸಾಲಿನಲ್ಲಿ ನೂರ ಮೂವತ್ತು. ಎಲ್ಲರೂ ಅವನ ಕಡೆ ತಿರುಗಿದರು. ಯಂತ್ರ ಕೆಟ್ಟಿರಬೇಕು ಎಂದ ಯಾರೋ.

ಮಾಸ್ಟರ್ ಎದ್ದು ನಿಂತ. "ಯಂತ್ರ ಕೆಟ್ಟಿಲ್ಲ," ಎಂದ. "ಇದೇ ನಂದು. ಇಷ್ಟು ದಿನ ತೋರಿಸಿದ್ದು ನಮ್ಮಕ್ಕನ ಕೈ. ಅವಳಿಗೂ ಸುಳ್ಳು ಹೇಳಿದ್ದೆ." ಇನ್ನೂ ಏನೋ ಹೇಳಬೇಕೆಂದಿದ್ದ, ಒಂದು ವಾರದಿಂದ ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಇಟ್ಟುಕೊಂಡದ್ದು. ಒಂದೂ ನೆನಪಾಗಲಿಲ್ಲ. ಕೂತುಬಿಟ್ಟ.

ಡ್ರೈವರ್‌ನ ಭುಜಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿತ್ತು. ಸಾವಿರದ ಒಂಬೈನೂರನ್ನು ಹಿಡಿಯುತ್ತೇನೆ ಎಂದು ವಿಪರೀತ ಆಡಿಸಿ ಕೀಲು ಊದಿಸಿಕೊಂಡಿದ್ದ. ಹದಿನೈದು ದಿನ ಕೈ ಅಲುಗಿಸಬಾರದು ಎಂದಿದ್ದರು.

"ಅಂದ್ರೆ ನಾನು ಇಷ್ಟು ದಿನ ರೇಸ್ ಬಿಟ್ಟಿದ್ದು ನಿಮ್ಮ ಅಕ್ಕನ ಜೊತೆ," ಎಂದ. ಒಂದಿಬ್ಬರು ನಕ್ಕರು. ಡ್ರೈವರ್ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮುದುಕಿಯ ಪಕ್ಕ ಹಾಕಿಕೊಂಡ. ಮಾಸ್ಟರ್‌ನ ಎಡಪಕ್ಕ ಖಾಲಿಯಾಯಿತು. ಅದು ಹಾಗೇ ಇರತಕ್ಕದ್ದೇ ಎನ್ನಿಸಿತು ಅವನಿಗೆ.

ಮನೆಗೆ ಬಂದವನು ಕಿಟಕಿಯ ಹತ್ತಿರ ಹೋಗಿ ನಿಂತ.

"ನೂರ ಮೂವತ್ತು," ಎಂದ. "ಎಲ್ಲರ ಮುಂದೆ ಹೇಳಿ ಬಂದೆ."

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಜ ಮುಗಿಸಿ, ದಾರ ಹಲ್ಲಿನಿಂದ ಕಡಿದು, ಅಂಗಿ ಮಡಿಸಿ ಬದಿಗಿಟ್ಟಳು. ಆಮೇಲೆ ತುಂಡುಬಟ್ಟೆಯ ಗಂಟಿನಿಂದ ಒಂದು ದಪ್ಪ ಬಟ್ಟೆ ಆರಿಸಿದಳು. ಡಬ್ಬಿ ತಡಕಾಡಿ, ಗೋಣಿ ಹೊಲಿಯುವಂಥ ಒಂದು ದೊಡ್ಡ ಸೂಜಿ ತೆಗೆದು, ಕೆಂಪು ದಾರ ಪೋಣಿಸಿದಳು.

"ಕೂತ್ಕೋ."

ಕೂತ. ಅವಳು ಅವನ ಬೆನ್ನಿಗೆ ಸರಿದು, ಸೂಜಿಯನ್ನು ಅವನ ಬಲಗೈಯ ಬೆರಳುಗಳ ನಡುವೆ ಇಟ್ಟು, ಮೇಲಿನಿಂದ ತನ್ನ ಕೈಯನ್ನು ತಂದಳು. ಇನ್ನೇನು ತಾಗಬೇಕು ಎನ್ನುವಾಗ ನಿಲ್ಲಿಸಿದಳು.

"ಮೊದ್ಲು ಅದನ್ನ ಬಿಚ್ಚಿಡು," ಎಂದಳು, ಬ್ಯಾಂಡಿನ ಕಡೆ ಗದ್ದ ತೋರಿಸಿ. "ನಾನು ಆಡಿಸಿದ್ದು ನಿನ್ನ ಲೆಕ್ಕಕ್ಕೆ ಬರೋದು ಬೇಡ."

ಅವನು ಎಡಗೈಯಿಂದ ಬಿಚ್ಚಿ ಕಿಟಕಿಯ ಹಲಗೆಯ ಮೇಲಿಟ್ಟ. ಹಸಿರು ಬೆಳಕು ಎರಡು ಸಲ ಮಿಣುಕಿ ಆರಿತು. ಅಕ್ಕನ ಕೈ ಅವನ ಕೈಯ ಮೇಲೆ ಬಂತು. ಗಂಟುಗಂಟಾಗಿತ್ತು, ಬಿಸಿನೀರಿನ ಶಾಖ ಇನ್ನೂ ಇತ್ತು. ಅವನು ಹಳೆಯ ಅಭ್ಯಾಸದಂತೆ ಕೈಯನ್ನು ಸಡಿಲ ಬಿಟ್ಟ.

"ಸುಮ್ನೆ ಬಿಡ್ಬೇಡ," ಎಂದಳು ಅಕ್ಕ. "ಅದು ಆಗಿನ ಮಾತು. ಈಗ ನೀನೂ ಎಳಿ."

ಚುಚ್ಚಿದರು. ಎಳೆದರು. ಎಂಟು ಹೊಲಿಗೆ ಇಬ್ಬರ ಕೈಯಲ್ಲಿ ಹೋಯಿತು. ಅಕ್ಕ ತನ್ನ ಕೈ ತೆಗೆದುಕೊಂಡು, ಬ್ಯಾಂಡನ್ನು ಎತ್ತಿ, ಅವನ ಮಣಿಕಟ್ಟಿಗೆ ತಾನೇ ಕಟ್ಟಿದಳು.

"ಈಗ ನಿಂದು."

ಒಂಬತ್ತನೆಯ ಹೊಲಿಗೆಯನ್ನು ಅವನೊಬ್ಬನೇ ಹಾಕಿದ. ಸೂಜಿ ಎರಡು ಸಲ ಜಾರಿತು, ಮೂರನೇ ಸಲ ಬಟ್ಟೆ ಹಿಡಿಯಿತು. ಅಡ್ಡಾದಿಡ್ಡಿಯಾಗಿ, ಉಳಿದ ಎಂಟರಿಂದ ಒಂದು ಬೆರಳು ಆಚೆಗೆ ಬಂತು. ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಂದೆ ಆಗಿದ್ದರೆ ಭೇಷ್ ಎನ್ನುತ್ತಿದ್ದಳು.

"ಬಿಗಿಯಾಗಿ ಎಳೀತೀಯ," ಎಂದಳು. "ಬಿಚ್ಚು. ಮತ್ತೆ ಹಾಕು."

ಅವನು ತಲೆ ತಗ್ಗಿಸಿ, ಬಲಗೈಯಿಂದಲೇ, ಬಿಚ್ಚತೊಡಗಿದ.